ವಾಟೆ ಕೊಳಲು, ಮಣ್ಣಿನ ಬುರುಡೆ, ಒಂದು ಕ್ಯಾಮೆರಾ

ಅಮೆರಿಕದ ಮಿಸಿಸಿಪಿ ರಾಜ್ಯದ ಗ್ರಾವೆಲ್ ಸ್ಪ್ರಿಂಗ್ಸ್ ಎಂಬ ಊರು. ಓಥಾ ಟರ್ನರ್ ಎಂಬ ಕಪ್ಪುವರ್ಣೀಯ ರೈತ ವಾಟೆ ಬಿದಿರಿನ ತುಂಡು ಹಿಡಿದಿದ್ದಾರೆ. ಕೆಂಪಗೆ ಕಾದ ಕಬ್ಬಿಣದ ಸರಳಿನಿಂದ ಒಂದೊಂದೇ ತೂತು ಸುಡುತ್ತಾರೆ. ಕೊಳಲು ಸಿದ್ಧವಾದದ್ದೇ ತಡ, ಡೋಲುಗಳು ಜೊತೆಗೂಡುತ್ತವೆ, ಜನ ಕುಣಿಯುತ್ತಾರೆ. 1972ರ ಈ ಕಿರುಚಿತ್ರದ ಹಿಂದಿರುವವರಲ್ಲಿ ಒಬ್ಬರು ಜಾನಪದ ವಿದ್ವಾಂಸ ವಿಲಿಯಂ ಫೆರಿಸ್.

ಫೆರಿಸ್ ಹುಟ್ಟಿದ್ದು 1942ರಲ್ಲಿ, ಅದೇ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ. ಬಿಳಿಯರ ಮನೆಯ ಹುಡುಗ. ಮನೆಯವರ ಹೊಲದ ಬಳಿಯ ರೋಸ್ ಹಿಲ್ ಚರ್ಚ್‌ಗೆ ಎಳವೆಯಲ್ಲೇ ಹೋಗುತ್ತಿದ್ದ. ಅಲ್ಲಿ ಕಪ್ಪುವರ್ಣೀಯರು ಪುಸ್ತಕವಿಲ್ಲದೆ, ನೆನಪಿನಿಂದಲೇ ಕೀರ್ತನೆ ಹಾಡುತ್ತಿದ್ದರು. ಹಾಡುವವರು ಹೋದರೆ ಹಾಡೂ ಹೋಗುತ್ತದೆ ಎಂಬುದು ತಿಳಿದಾಗ ಆತ ಟೇಪ್ ರೆಕಾರ್ಡರ್ ಕೈಗೆತ್ತಿಕೊಂಡ. ವರ್ಣಭೇದ ಬಿಗಿಯಾಗಿದ್ದ ಆ ಕಾಲದಲ್ಲಿ ಬಿಳಿಯನೊಬ್ಬ ಕಪ್ಪುವರ್ಣೀಯರ ಮನೆಗೆ ಹೋಗಿ, ಅವರನ್ನು ಗುರುಗಳೆಂದು ಕಂಡು ಕಲಿಯುವುದು ಸಣ್ಣ ಮಾತಲ್ಲ. ಫೆರಿಸ್ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೂ ಇದೇ.

ಲೀಲ್ಯಾಂಡ್ ಪಟ್ಟಣದ ಜೇಮ್ಸ್ ಥಾಮಸ್ ಅವರನ್ನೇ ನೋಡಿ. ಹೊಟ್ಟೆಪಾಡಿಗೆ ಗೋರಿ ತೋಡುತ್ತಿದ್ದ ಅವರು ರಾತ್ರಿ ಕಪ್ಪುವರ್ಣೀಯರ ಬ್ಲೂಸ್ ಹಾಡುಗಳನ್ನು ಹಾಡುತ್ತಿದ್ದರು, ಬಿಡುವಾದಾಗ ಜೇಡಿಮಣ್ಣಿನಲ್ಲಿ ತಲೆಬುರುಡೆ ತಿದ್ದುತ್ತಿದ್ದರು. ಕೆಲವು ಬುರುಡೆಗಳಿಗೆ ನಿಜವಾದ ಹಲ್ಲುಗಳನ್ನೇ ಕೂಡಿಸುತ್ತಿದ್ದರು. ಫೆರಿಸ್ ಹಾಡಿನ ಸಾಹಿತ್ಯವನ್ನಷ್ಟೇ ಬರೆದುಕೊಂಡು ಬಂದಿದ್ದರೆ ಆ ಬೆರಳುಗಳ ಕೆಲಸ, ನಡುವೆ ಬರುವ ಮಾತು, ನಗು ಯಾವುದೂ ಉಳಿಯುತ್ತಿರಲಿಲ್ಲ. ಕ್ಯಾಮೆರಾ ಬೇಕಾದದ್ದು ಅದಕ್ಕೇ. ಫೆರಿಸ್ ಅವರ ಚಿತ್ರಗಳಲ್ಲಿ ಕಲೆಯ ವಿವರಣೆ ಬಹುಮಟ್ಟಿಗೆ ಕಲಾವಿದರ ಬಾಯಿಂದಲೇ ಬರುತ್ತದೆ. ಥಾಮಸ್ ಅವರ ಶಿಲ್ಪಗಳು 1982ರಲ್ಲಿ ವಾಷಿಂಗ್ಟನ್ನಿನ ಕೊರ್ಕೊರನ್ ಗ್ಯಾಲರಿಯವರೆಗೂ ಹೋದವು.

1972ರಲ್ಲಿ ಜೂಡಿ ಪೈಸರ್ ಜೊತೆಗೂಡಿ ಫೆರಿಸ್ ಮೆಂಫಿಸ್‌ನಲ್ಲಿ ಅಮೆರಿಕದ ದಕ್ಷಿಣ ಭಾಗದ ಜಾನಪದಕ್ಕೆಂದೇ ಕೇಂದ್ರ ಕಟ್ಟಿದರು. ಮುಂದೆ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ದಕ್ಷಿಣದ ಸಂಸ್ಕೃತಿಯ ಅಧ್ಯಯನ ಕೇಂದ್ರವನ್ನು ನಡೆಸಿದರು. 1989ರಲ್ಲಿ ಚಾರ್ಲ್ಸ್ ರೇಗನ್ ವಿಲ್ಸನ್ ಜೊತೆ ಸಂಪಾದಿಸಿದ ದಕ್ಷಿಣದ ಸಂಸ್ಕೃತಿ ವಿಶ್ವಕೋಶ ಹೊರಬಂತು. 1997ರಿಂದ 2001ರವರೆಗೆ ಅಮೆರಿಕ ಸರ್ಕಾರದ ಮಾನವಿಕ ನಿಧಿಯ ಅಧ್ಯಕ್ಷರಾಗಿದ್ದರು. ಹಳೆಯ ಧ್ವನಿಮುದ್ರಿಕೆಗಳನ್ನೂ ಚಿತ್ರಗಳನ್ನೂ ಒಟ್ಟುಗೂಡಿಸಿದ ‘ವಾಯ್ಸಸ್ ಆಫ್ ಮಿಸಿಸಿಪಿ’ಗೆ 2019ರಲ್ಲಿ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳು ಬಂದವು. ಅವರ ಸಂಗ್ರಹ ಈಗ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿಲ್ಸನ್ ಗ್ರಂಥಾಲಯದಲ್ಲಿದೆ.

ಅವರ ಹಲವು ಚಿತ್ರಗಳನ್ನು ಫೋಕ್‌ಸ್ಟ್ರೀಮ್ಸ್ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಒಂದನ್ನೇ ನೋಡುವಷ್ಟು ಸಮಯವಿದ್ದರೆ 1973ರ ‘ರೇ ಲಮ್: ಮ್ಯೂಲ್ ಟ್ರೇಡರ್’ ನೋಡಿ. ಲಮ್ ಹೇಸರಗತ್ತೆಯ ವ್ಯಾಪಾರಿ. ಟ್ರ್ಯಾಕ್ಟರ್ ಬಂದು ಕಸುಬು ಮುಗಿದ ಮೇಲೂ ಹರಾಜಿನ ಕೂಗು, ಚೌಕಾಸಿಯ ಚಾಲಾಕಿ, ಊರೂರು ಸುತ್ತಿ ತಂದ ಕಥೆಗಳು ಆತನ ನಾಲಿಗೆಯ ಮೇಲೇ ಇದ್ದವು. ಇಂಥ ಮಾತುಗಾರಿಕೆಯನ್ನೂ ಹಾಡಿನಷ್ಟೇ ಶ್ರದ್ಧೆಯಿಂದ ಫೆರಿಸ್ ದಾಖಲಿಸಿದ್ದಾರೆ.