ಓಣಿಯ ಬ್ಯಾಂಕು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳ ಅಂಗನವಾಡಿಯಲ್ಲಿ ಬೀರುವಿನ ಕೆಳಗಿನ ಖಾನೆಯನ್ನೊಮ್ಮೆ ತೆಗೆಸಿ ನೋಡಬೇಕು. ಮಕ್ಕಳ ತೂಕದ ಪಟ್ಟಿ, ಬಾಣಂತಿಯರ ಹಾಜರಿ, ಬೇಳೆ-ಬೆಲ್ಲದ ದಾಸ್ತಾನು ವಹಿ ಇವುಗಳ ಜೊತೆಗೆ ಮೂಲೆ ಮುದುಡಿದ ರಟ್ಟಿನ ಪುಸ್ತಕಗಳ ಇನ್ನೊಂದು ಕಟ್ಟು ಇರುತ್ತದೆ. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ. ಅದು ಸ್ತ್ರೀಶಕ್ತಿ ಸಂಘದ ದಫ್ತರ. ಹದಿನೈದಿಪ್ಪತ್ತು ಹೆಣ್ಮಕ್ಕಳು ಸೇರಿ ನಡೆಸುವ ಈ ಸಂಘಕ್ಕೆ ಕಟ್ಟಡವಿಲ್ಲ, ನಾಮಫಲಕವಿಲ್ಲ. ಆದರೂ ಅದು ಬ್ಯಾಂಕು.

ವಾರಕ್ಕೊಮ್ಮೆ ಸಭೆ. ಕೂಲಿ ಮುಗಿಸಿ, ಒಲೆ ಹಚ್ಚುವ ಮೊದಲು ಸಿಗುವ ಒಂದಷ್ಟು ಹೊತ್ತಿನಲ್ಲಿ ಯಾರದಾದರೂ ಕಟ್ಟೆಯ ಮೇಲೆ ಅಥವಾ ಅಂಗನವಾಡಿಯ ಅಂಗಳದಲ್ಲಿ ಎಲ್ಲರೂ ಕೂಡುತ್ತಾರೆ. ಮೊದಲು ಹಾಜರಿ, ಆಮೇಲೆ ಉಳಿತಾಯ, ಕೊನೆಗೆ ಸಾಲದ ಮಾತು. ಹತ್ತಿಪ್ಪತ್ತು ರೂಪಾಯಿಯಿಂದ ಶುರುವಾದ ವಾರದ ರೊಕ್ಕ ಒಂದೊಂದು ಸಂಘದಲ್ಲಿ ಒಂದೊಂದು ಮಟ್ಟಕ್ಕೆ ಬೆಳೆದಿದೆ. ತೊಗರಿ ರಾಶಿಯ ದಿನಗಳಲ್ಲಿ ಸಭೆ ತಪ್ಪುತ್ತದೆ, ಗುಳೆ ಹೋದವರ ಹೆಸರಿನ ಮುಂದೆ ಖಾಲಿ ಜಾಗ ಬೀಳುತ್ತದೆ. "ಈ ವಾರ ರೊಕ್ಕ ಇಲ್ರಿ ಅಕ್ಕೋರೆ, ಹಾಜರಿ ಹಾಕ್ರಿ, ಬರೋ ವಾರ ಕೂಡಿಸಿ ಕೊಡ್ತೀನಿ" ಎನ್ನುವ ಮಾತು ಕೇಳದ ಸಂಘವಿರಲಾರದು. ಅಕ್ಕೋರು ಅಂದರೆ ಅಂಗನವಾಡಿ ಕಾರ್ಯಕರ್ತೆ. ಸಂಘ ಕಟ್ಟಿಸುವುದು, ಲೆಕ್ಕ ಬರೆಯಲು ಕಲಿಸುವುದು, ಬ್ಯಾಂಕಿಗೆ ಕರೆದೊಯ್ಯುವುದು ಎಲ್ಲ ಅವರ ಪಾಲಿನ ಕೆಲಸ. ಅದಕ್ಕೆ ತಕ್ಕ ಸಂಬಳ ಅವರಿಗಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಕೂಡಿಸಿದ ಹಣ ಸದಸ್ಯರಿಗೇ ಸಾಲವಾಗಿ ಹೋಗುತ್ತದೆ. ಬಡ್ಡಿ ಎಷ್ಟೆಂದು ಸಂಘವೇ ಠರಾವು ಮಾಡುತ್ತದೆ. ಆ ಬಡ್ಡಿ ಸಾಹುಕಾರನ ಮನೆಗೆ ಹೋಗದೆ ಸಂಘದ ಪೆಟ್ಟಿಗೆಗೇ ಮರಳುತ್ತದೆ. ಸಾಲದ ಉದ್ದೇಶ ಬರೆಯುವ ಅಂಕಣವನ್ನು ಓದಿದರೆ ಊರಿಗೆ ಊರೇ ಆಡು ಸಾಕುತ್ತಿದೆ ಅನ್ನಿಸಬೇಕು. ದಫ್ತರದಲ್ಲಿ ಆಡು, ಖರೇನೆ ಆಸ್ಪತ್ರೆ! ಮಗಳ ಬಾಣಂತನ, ಮಗನ ಕಾಲೇಜಿನ ಫೀಸು, ಬಿತ್ತನೆ ಬೀಜ, ಪುಣೆಗೆ ಕೆಲಸಕ್ಕೆ ಹೋಗುವವರ ದಾರಿ ಖರ್ಚು ಎಲ್ಲವೂ ಆಡಿನ ಹೆಸರಲ್ಲಿ ನಡೆಯುತ್ತವೆ. ಎಲ್ಲರಿಗೂ ಗೊತ್ತು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸಾಲಗಾರಳ ಮನೆಯ ಪರಿಸ್ಥಿತಿ ಗೊತ್ತಿದ್ದೇ ಸಾಲ ಕೊಡುವ ಬ್ಯಾಂಕು ಇದು.

ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಭೀಮಾ ನದಿ ಹರಿಯುತ್ತದೆ, ಎರೆಭೂಮಿ ಇದೆ, ತೊಗರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಹೊಲದ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ಹೆಣ್ಣಿನ ಹೆಸರು ಹುಡುಕಬೇಕು. ಉತಾರೆ ಇಲ್ಲದವಳಿಗೆ ಬ್ಯಾಂಕಿನಲ್ಲಿ ಸಾಲವಿಲ್ಲ. ಹತ್ತು ಹೆಣ್ಮಕ್ಕಳ ಮಾತನ್ನೇ ಜಾಮೀನು ಮಾಡಿಕೊಂಡ ಸಂಘಕ್ಕೆ ಇಲ್ಲಿ ಜಾಗ ಸಿಕ್ಕಿದ್ದು ಆ ಕಾರಣಕ್ಕೆ.

ಈ ಸಂಘಗಳನ್ನು ತಂದ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000ದಲ್ಲಿ, ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲಕ್ಕೆ. ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾಗಿದ್ದವರು ಮೋಟಮ್ಮ. ಮೂಡಿಗೆರೆಯ ದಲಿತ ಕುಟುಂಬದ ಹೆಣ್ಣುಮಗಳು, 1978ರಲ್ಲಿ ಮೊದಲ ಸಲ ವಿಧಾನಸಭೆ ಪ್ರವೇಶಿಸಿದವರು, ಮುಂದೆ ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯಾದವರು. ಅವರ ಆತ್ಮಕಥೆ 'ಬಿದಿರು ನೀನ್ಯಾರಿಗಲ್ಲದವಳು' 2022ರಲ್ಲಿ ಬಂತು. ಸ್ವಸಹಾಯ ಗುಂಪು ಎಂಬ ಕಲ್ಪನೆ ಅವರದೇ ಶೋಧವಲ್ಲ. 1980ರ ದಶಕದಲ್ಲೇ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿತ್ತು, 1992ರಲ್ಲಿ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತ್ತು. ಸ್ತ್ರೀಶಕ್ತಿ ಯೋಜನೆ ಮಾಡಿದ ಜಾಣ ಕೆಲಸವೆಂದರೆ, ಆಗಲೇ ಊರೂರಿಗೆ ಮುಟ್ಟಿದ್ದ ಅಂಗನವಾಡಿಯ ಬೆನ್ನಿಗೆ ಸಂಘವನ್ನು ಕಟ್ಟಿದ್ದು. ಹೊಸ ಕಚೇರಿ ಬೇಕಾಗಲಿಲ್ಲ. ಲಕ್ಷಕ್ಕೂ ಮಿಕ್ಕಿ ಸಂಘಗಳು ಎದ್ದು ನಿಂತವು. ಮಲೆನಾಡಿನ ಒಬ್ಬ ದಲಿತ ಶಾಸಕಿಯ ಸಹಿಬಿದ್ದ ಕಡತ ಭೀಮಾ ತೀರದ ಓಣಿಯಲ್ಲಿ ವಾರದ ಸಭೆಯಾಗಿ ಕೂಡುತ್ತಿದೆ. ಕೂಡುವವರಲ್ಲಿ ಎಷ್ಟೋ ಜನರಿಗೆ ಮೋಟಮ್ಮನ ಹೆಸರು ಗೊತ್ತಿಲ್ಲ. ಸಾರ್ವಜನಿಕ ಜೀವನದಲ್ಲಿ ಮೊದಲಿಗರಾದವರ ಹೆಸರು ಪ್ರತಿಮೆಯಲ್ಲಿ ಉಳಿದರೆ ಒಂದು ಲೆಕ್ಕ, ಹೆಸರು ಮರೆತವರ ದಿನಚರಿಯಲ್ಲಿ ಉಳಿದರೆ ಇನ್ನೊಂದು ಲೆಕ್ಕ. ಎರಡನೆಯದೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಹೀಗೆ ಉಳಿದ ಇನ್ನೊಬ್ಬಳ ಕಥೆ ಸಮುದ್ರದಾಚೆಯದು. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ಪಟ್ಟಣದಲ್ಲಿ ಮ್ಯಾಗಿ ಲೀನಾ ವಾಕರ್ ಎಂಬಾಕೆ ಇದ್ದಳು. ತಾಯಿ ಗುಲಾಮಗಿರಿಯಲ್ಲಿದ್ದು ಬಿಡುಗಡೆಯಾದವಳು, ಬಿಳಿಯರ ಬಟ್ಟೆ ಒಗೆದು ಸಂಸಾರ ಸಾಕಿದವಳು. ಒಗೆದ ಬಟ್ಟೆಯ ಗಂಟನ್ನು ಮನೆಮನೆಗೆ ಮುಟ್ಟಿಸುತ್ತಿದ್ದ ಹುಡುಗಿಯೇ ಮ್ಯಾಗಿ. ಓದಿ ಶಾಲೆಯ ಶಿಕ್ಷಕಿಯಾದಳು. ಮದುವೆಯಾದ ಹೆಂಗಸು ಪಾಠ ಮಾಡಕೂಡದೆಂಬ ನಿಯಮವಿದ್ದುದರಿಂದ 1886ರಲ್ಲಿ ಆ ಕೆಲಸ ಬಿಡಬೇಕಾಯಿತು. ಸೇಂಟ್ ಲೂಕ್ ಎಂಬ ಸಂಘದಲ್ಲಿ ಹದಿಹರೆಯದಿಂದಲೇ ಇದ್ದಳು. ಕಾಯಿಲೆಗೆ, ಮಣ್ಣಿಗೆ ಖರ್ಚು ಹೊಂದಿಸಿಕೊಳ್ಳಲು ಕರಿಯ ಜನರು ಕಟ್ಟಿಕೊಂಡಿದ್ದ ಪರಸ್ಪರ ನೆರವಿನ ಸಂಘ ಅದು. 1899ರಲ್ಲಿ ಅದರ ಚುಕ್ಕಾಣಿ ಅವಳ ಕೈಗೆ ಬಂದಾಗ ಖಜಾನೆಯಲ್ಲಿದ್ದುದು 32 ಡಾಲರಿಗೂ ಕಡಿಮೆ.

1901ರ ಸಮಾವೇಶದಲ್ಲಿ ಅವಳು ಬ್ಯಾಂಕಿನ ಪ್ರಸ್ತಾಪ ಇಟ್ಟಳು. ಅಗಸಗಿತ್ತಿಯರ, ಅಡುಗೆಯವರ ಪೈಸೆಗಳನ್ನು ನಾವೇ ಯಾಕೆ ಕೂಡಿಡಬಾರದು ಎಂಬುದು ಅವಳ ವಾದವಾಗಿತ್ತು. 1903ರ ನವೆಂಬರ್‌ನಲ್ಲಿ ಸೇಂಟ್ ಲೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಬಾಗಿಲು ತೆರೆಯಿತು. ಬ್ಯಾಂಕ್ ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಆಕೆ. ಮಕ್ಕಳಿಗೂ ಪೈಸೆ ಕೂಡಿಡುವ ರೂಢಿ ಹಚ್ಚಿದಳು. ಬೇರೆಲ್ಲೂ ಸಾಲ ಹುಟ್ಟದ ಕುಟುಂಬಗಳಿಗೆ ಮನೆ ಕೊಳ್ಳಲು ಸಾಲ ಕೊಟ್ಟಳು. 1920ರ ಹೊತ್ತಿಗೆ ಅಂಥ ಮನೆಗಳು ಆರುನೂರು ದಾಟಿದ್ದವು. ಎಲ್ಲವೂ ಗೆದ್ದಿತೆಂದಲ್ಲ. ಅವಳ ಸಂಘ 1905ರಲ್ಲಿ ತೆರೆದ ದೊಡ್ಡ ಅಂಗಡಿಯನ್ನು ಬಿಳಿಯ ವ್ಯಾಪಾರಿಗಳು ಒಗ್ಗಟ್ಟಾಗಿ ಹಣ್ಣು ಮಾಡಿದರು, ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಬ್ಯಾಂಕು ಮಾತ್ರ 1930ರಲ್ಲಿ, ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಇತರ ಕರಿಯರ ಬ್ಯಾಂಕುಗಳ ಜೊತೆ ಒಂದಾಗಿ ಬದುಕಿಕೊಂಡಿತು. ಅಷ್ಟರಲ್ಲಿ ಮ್ಯಾಗಿ ಗಾಲಿಕುರ್ಚಿ ಹಿಡಿದಿದ್ದಳು. ಅಲ್ಲಿಂದಲೇ ಆಡಳಿತ ಮಂಡಳಿಯನ್ನು ನಡೆಸಿ 1934ರಲ್ಲಿ ತೀರಿಕೊಂಡಳು.

ರಿಚ್ಮಂಡಿನ ಪೆನ್ನಿಗೂ ಜೇವರ್ಗಿಯ ಹತ್ತು ರೂಪಾಯಿಗೂ ನೇರ ನಂಟಿಲ್ಲ. ಯಾರೂ ಯಾರಿಂದಲೂ ಕಲಿತದ್ದಲ್ಲ. ಅಡವಿಡಲು ಏನೂ ಇಲ್ಲದ, ದೊಡ್ಡ ಬಾಗಿಲುಗಳು ಮುಚ್ಚಿದ್ದ ಜನ ಎಲ್ಲಿದ್ದರೂ ಮೊದಲು ಕಟ್ಟಿಕೊಳ್ಳುವುದು ಇಂಥದ್ದನ್ನೇ ಇರಬೇಕು. ಸೊಲ್ಲಾಪುರದ ಗಡಿಗೆ ಹತ್ತಿದ ಆಳಂದ ಸೀಮೆಯಲ್ಲಿ ಸಂಘ ಬರುವ ಮೊದಲೂ ಹೆಣ್ಮಕ್ಕಳು ಸರದಿಯಂತೆ ರೊಕ್ಕ ಎತ್ತುವ ಭಿಶಿ ಚೀಟಿ ಹಾಕುತ್ತಿದ್ದರಲ್ಲ! ಭಿಶಿಯ ರೊಕ್ಕಕ್ಕೆ ದಫ್ತರವಿರಲಿಲ್ಲ, ಎತ್ತಿದವಳು ಓಡಿಹೋದರೆ ಕೇಳುವವರಿರಲಿಲ್ಲ, ಅಷ್ಟೇ.

ಅಂಗನವಾಡಿಯ ಅಕ್ಕೋರನ್ನು ಕಂಡಾಗ ನನಗೆ ಶರ್ಲಿ ಚಿಸಂ ನೆನಪಾಗುತ್ತಾರೆ. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆರಿಸಿಬಂದ ಮೊದಲ ಕರಿಯ ಮಹಿಳೆ, 1972ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಸ್ಪರ್ಧಿಸಿದವರು ಎಂಬುದಷ್ಟೇ ಸಾಮಾನ್ಯವಾಗಿ ಅವರ ಬಗ್ಗೆ ಬರೆಯುವುದು. ರಾಜಕೀಯಕ್ಕೆ ಬರುವ ಮೊದಲು ಅವರು ಎಳೆಯ ಮಕ್ಕಳ ಶಾಲೆಯ ಶಿಕ್ಷಕಿಯಾಗಿದ್ದರು, ಶಿಶುಪಾಲನಾ ಕೇಂದ್ರವೊಂದರ ನಿರ್ದೇಶಕಿಯಾಗಿದ್ದರು. ನಗರದ ಬಡವರ ಪ್ರತಿನಿಧಿಯಾಗಿ ಬಂದ ಅವರನ್ನು ಕೃಷಿ ಸಮಿತಿಗೆ ಹಾಕಿದಾಗ ತಕರಾರು ಎತ್ತಿದರು. ಮುಂದೆ ಬಸುರಿ, ಬಾಣಂತಿ, ಕೂಸುಗಳಿಗೆ ಆಹಾರ ಒದಗಿಸುವ ಡಬ್ಲ್ಯೂಐಸಿ ಯೋಜನೆ 1972ರಲ್ಲಿ ರೂಪುಗೊಳ್ಳುವಲ್ಲಿ ಅವರ ಪಾಲು ದೊಡ್ಡದು. ಅದು ಇಂದಿಗೂ ನಡೆಯುತ್ತಿದೆ. ಅದಾಗಿ ಮೂರೇ ವರ್ಷಕ್ಕೆ, 1975ರ ಅಕ್ಟೋಬರ್ 2ರಂದು ನಮ್ಮಲ್ಲಿ ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂತು. ಅದು ಶುರುವಾದ ಮೊದಲ 33 ಪ್ರದೇಶಗಳಲ್ಲಿ ತಿರುಮಕೂಡಲು ನರಸೀಪುರವೂ ಒಂದು. 2017ರ ಮಾತೃಪೂರ್ಣ ಯೋಜನೆಯಡಿ ಬಸುರಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡುವಂತಾಯಿತು. ಸಂಸತ್ತಿನ ಮಾತಿಗಿಂತ ಮಕ್ಕಳ ತಟ್ಟೆ ಹೆಚ್ಚು ಕಾಲ ಬಾಳುತ್ತದೆಂದು ಆ ಮಾಜಿ ಶಿಕ್ಷಕಿಗೆ ಗೊತ್ತಿತ್ತು ಎಂದೇ ನನ್ನ ಎಣಿಕೆ.

ಸಂಘದ ಕಟ್ಟೆಯಿಂದ ಗ್ರಾಮ ಪಂಚಾಯಿತಿಯ ಕುರ್ಚಿಗೆ ದಾರಿ ಹತ್ತಿರ. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಪ್ರಯತ್ನದಿಂದ ಬಂದ ಪಂಚಾಯಿತಿ ಕಾಯ್ದೆಯಡಿ 1987ರ ಚುನಾವಣೆಯಲ್ಲೇ ಕರ್ನಾಟಕ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. 2010ರಲ್ಲಿ ಅದು ಶೇ 50ಕ್ಕೆ ಏರಿತು. ದಲಿತ ಕೂಲಿಕಾರಳು ಅಧ್ಯಕ್ಷೆಯಾಗಿ, ಊರಗೌಡರ ಮನೆಯವರು ಸದಸ್ಯರಾಗಿ ಎದುರು ಕೂರುವ ಸಭೆಗಳು ನಡೆದದ್ದು ಇದರಿಂದ. ಅಧ್ಯಕ್ಷರ ಗಂಡನೇ ಅಧ್ಯಕ್ಷನಾಗಿಬಿಡುವ ರೋಗವೂ ಇದರ ಜೊತೆಗೇ ಬಂತು. ಸಹಿ ಮಾತ್ರ ಹೆಂಡತಿಯದು, ಠರಾವು, ಟೆಂಡರು ಎಲ್ಲ ಯಜಮಾನರದು. ಸಂಘದಲ್ಲಿ ಹತ್ತು ವರ್ಷ ನಗದು ಪುಸ್ತಕ ಹಿಡಿದು ಕೂತವಳನ್ನು ಹಾಗೆ ಮೂಲೆಗೆ ಕೂರಿಸುವುದು ಅಷ್ಟು ಸುಲಭವಲ್ಲ. ಜಮಾ ಯಾವುದು, ಖರ್ಚು ಯಾವುದು ಎಂದು ತಿಳಿದವಳು ಬಿಲ್ಲಿಗೆ ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ. 1989ರಲ್ಲಿ ಕರ್ನಾಟಕಕ್ಕೂ ಬಂದ ಮಹಿಳಾ ಸಮಖ್ಯ ಕಾರ್ಯಕ್ರಮ ಬಡ ಹೆಣ್ಮಕ್ಕಳನ್ನು ಓದಿಗೂ ಮಾತಿಗೂ ಅಣಿಗೊಳಿಸಿದ ರೀತಿಯೂ ಇಂಥದ್ದೇ ಆಗಿತ್ತು.

ಇನ್ನು ಜಾತಿ. ಸಂಘಗಳು ಓಣಿವಾರು ಹುಟ್ಟುತ್ತವೆ, ನಮ್ಮ ಊರುಗಳಲ್ಲಿ ಓಣಿ ಎಂದರೆ ಜಾತಿ. ಹಾಗಾಗಿ ಗೌಡರ ಓಣಿಯ ಸಂಘ ಬೇರೆ, ಹರಿಜನಕೇರಿಯದು ಬೇರೆ. ತಾಲ್ಲೂಕಿನ ಒಕ್ಕೂಟದ ಸಭೆಯಲ್ಲಿ ಎರಡೂ ಒಂದೇ ಜಮಖಾನೆಯ ಮೇಲೆ ಕೂರುತ್ತವೆ ಎನ್ನುವುದು ಸಣ್ಣ ಮಾತಲ್ಲ, ಊರಿಗೆ ಮರಳಿದ ಮೇಲೆ ಮತ್ತೆ ತಮ್ಮ ತಮ್ಮ ಓಣಿ ಸೇರುತ್ತವೆ ಎನ್ನುವುದೂ ಸುಳ್ಳಲ್ಲ.

ಉಳಿತಾಯದಿಂದ ಉದ್ಯೋಗಕ್ಕೆ ದಾಟಿದ ಗುಂಪುಗಳೂ ಇವೆ. ಈ ಸೀಮೆಯ ಹೆಣ್ಮಕ್ಕಳಿಗೆ ಯಾರೂ ತರಬೇತಿ ಕೊಡಬೇಕಿಲ್ಲದ ವಿದ್ಯೆ ರೊಟ್ಟಿ ಬಡಿಯುವುದು. ಜಿಲ್ಲಾಡಳಿತ ಮುಂದೆ ನಿಂತು ಸ್ವಸಹಾಯ ಗುಂಪುಗಳ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಗೆ ತಂದಿತು. 2025ರ ಜೂನ್‌ನಲ್ಲಿ ಪ್ರಧಾನಿಯವರ 'ಮನ್ ಕಿ ಬಾತ್'ನಲ್ಲೂ ಇದರ ಮಾತು ಬಂತು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿವೆ ಎಂದು ಅವರು ಹೇಳಿದರು. ಕಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಬೆಂಗಳೂರಿಗೆ ಹೋದರೂ ಮುರಿಯದಂತೆ ಕಟ್ಟುವುದೇ ಕಷ್ಟ. ಮನೆಯಲ್ಲಿ ಬಡಿದಾಗ ಲೆಕ್ಕಕ್ಕೇ ಬಾರದ ಕೆಲಸ ಪೊಟ್ಟಣಕ್ಕೆ ಹೋದಾಗ ಕೂಲಿಯಾಯಿತು.

ಸಂಘಗಳ ಮೈಯಲ್ಲಿ ಈಚೆಗೆ ದಣಿವೂ ಕಾಣುತ್ತಿದೆ. ಒಂದೇ ಓಣಿಯಲ್ಲಿ ಸ್ತ್ರೀಶಕ್ತಿ, ಸಂಜೀವಿನಿ, ಧರ್ಮಸ್ಥಳದ ಸಂಘ ಹೀಗೆ ಮೂರು ಮೂರು ಪುಸ್ತಕ, ಒಬ್ಬಳೇ ಮೂರೂ ಕಡೆ ಸದಸ್ಯೆ. ಪಕ್ಷದ ಸಮಾವೇಶವಿದ್ದರೆ ಬಸ್ಸು ತುಂಬಿಸಲು ಮೊದಲ ಫೋನು ಬರುವುದು ಸಂಘದ ಪ್ರತಿನಿಧಿಗೆ. ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಫೈನಾನ್ಸಿನವರದು. ಮೈಕ್ರೊಫೈನಾನ್ಸ್ ಕಂಪನಿಗಳು ಕದ್ದದ್ದು ಸಂಘದ ಉಪಾಯವನ್ನೇ: ಐದಾರು ಹೆಣ್ಮಕ್ಕಳನ್ನು ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸುವುದು. ಸಂಘದಲ್ಲಿ ಆ ಜಾಮೀನು ಸಾಲ ಕೊಡಿಸಲು ಇತ್ತು, ಇಲ್ಲಿ ವಸೂಲಿಗೆ ಬಂತು. ಕಂತು ತಪ್ಪಿದವಳ ಮನೆ ಮುಂದೆ ಉಳಿದ ನಾಲ್ವರನ್ನು ಕೂರಿಸುವ ಪದ್ಧತಿ ಎಷ್ಟೋ ಸಂಸಾರಗಳನ್ನು ಊರು ಬಿಡಿಸಿತು. 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ವಿಧಿಸಿತು.

ಕಿರುಕುಳಕ್ಕೆ ಕಡಿವಾಣ ಹಾಕಬಹುದಾದ ಆ ಕಾಯ್ದೆ ಸಾಲ ಒದಗಿಸುವುದಿಲ್ಲ. ಫೈನಾನ್ಸಿನವನು ಆಧಾರ್ ಕಾರ್ಡು ನೋಡಿ ಎರಡು ದಿನದಲ್ಲಿ ಹಣ ಕೈಗಿಡುತ್ತಾನೆ. ಸಂಘದ ಸ್ವಂತ ಹಣ ದೊಡ್ಡ ಸಾಲಕ್ಕೆ ಸಾಲುವುದಿಲ್ಲ, ಬ್ಯಾಂಕಿನಿಂದ ಬರಬೇಕೆಂದರೆ ಲೆಕ್ಕ ಪರಿಶೀಲನೆ, ದರ್ಜೆ, ಮ್ಯಾನೇಜರ್ ವರ್ಗಾವಣೆ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ. ತೊಗರಿ ಬಿತ್ತನೆಯ ರೊಕ್ಕ ಜೂನ್‌ನಲ್ಲೇ ಬೇಕು. ಬ್ಯಾಂಕಿನ ಮಂಜೂರಾತಿ ಪತ್ರ ಆಗಸ್ಟ್‌ನಲ್ಲಿ ಬಂದರೆ, ಅಷ್ಟು ಹೊತ್ತಿಗೆ ಅವಳು ಫೈನಾನ್ಸಿನ ಎರಡು ಕಂತು ಕಟ್ಟಿ ಮೂರನೆಯದಕ್ಕೆ ಸಂಘದಲ್ಲಿ ಆಡಿನ ಹೆಸರಲ್ಲಿ ಸಾಲ ಕೇಳುತ್ತಿರುತ್ತಾಳೆ.