ಗಂಟಲೊಳಗೆ ಇಳಿದ ಬೆಳಕು

ಹಾನಗಲ್ಲ ಸೀಮೆಯಲ್ಲಿ ಉಣ್ಣುವಾಗ ಗಂಟಲಿಗೆ ಎಲುಬು ಸಿಕ್ಕಿತೆಂದರೆ ಹಿರಿಯರ ಮೊದಲ ಮಾತು: ‘ಅನ್ನದ ಉಂಡಿ ನುಂಗಪಾ, ಇಳೀತೈತಿ.’ ಸಣ್ಣ ಮುಳ್ಳು ಕೆಲವೊಮ್ಮೆ ಇಳಿದೂಬಿಡುತ್ತದೆ. ಚೂಪಾದ ಎಲುಬಾದರೆ ಆ ಉಂಡಿಯೇ ಅದನ್ನು ಅನ್ನನಾಳದ ಗೋಡೆಗೆ ಇನ್ನಷ್ಟು ಒತ್ತಿ ಚುಚ್ಚಿಸುತ್ತದೆ.

ನುಂಗುವುದು ಎಲುಬನ್ನಷ್ಟೇ ಅಲ್ಲ. ಹಾನಗಲ್ಲ ವಿರಕ್ತಮಠದ ಕುಮಾರ ಶಿವಯೋಗಿಗಳ (1867–1930) ಹೆಸರು ಹೊತ್ತ ಆಸ್ಪತ್ರೆ ಬಾಗಲಕೋಟೆಯಲ್ಲಿದೆ. 2022ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯ ಒಬ್ಬರು ಹೊಟ್ಟೆನೋವು, ವಾಂತಿಯೆಂದು ಅಲ್ಲಿಗೆ ಬಂದರು. ಎಕ್ಸ್‌ರೇ, ಎಂಡೋಸ್ಕೋಪಿ ಮಾಡಿ ನೋಡಿದರೆ ಜಠರದ ತುಂಬ ನಾಣ್ಯ. ಜಠರ ಬಲೂನಿನಂತೆ ಹಿಗ್ಗಿತ್ತು. ಶಸ್ತ್ರಚಿಕಿತ್ಸೆಯ ನಡುವೆಯೂ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ಹಿಡಿದು ಮೂಲೆಮೂಲೆ ಹುಡುಕಿ ವೈದ್ಯರು 187 ನಾಣ್ಯ ಹೊರತೆಗೆದರು: ಐದು ರೂಪಾಯಿಯವು 56, ಎರಡರವು 51, ಒಂದರವು 80. ಒಟ್ಟು 462 ರೂಪಾಯಿ, ತೂಕ ಸುಮಾರು 1.2 ಕಿಲೋ. ಸುದ್ದಿ ಓದಿ ನಕ್ಕವರುಂಟು. ಆ ಮನುಷ್ಯ ಮಾನಸಿಕ ಕಾಯಿಲೆಯಿಂದ ಬಳಲುತ್ತ ಎರಡು-ಮೂರು ತಿಂಗಳು ಅವನ್ನು ನುಂಗುತ್ತ ಬಂದಿದ್ದರು. ನಗುವ ಸಂಗತಿ ಅದರಲ್ಲಿ ನನಗೆ ಕಾಣಲಿಲ್ಲ.

ಹೊಟ್ಟೆಯೊಳಗೆ ಇಣುಕುವ ಎಂಡೋಸ್ಕೋಪಿ ಕೊಳವೆಯ ಕಥೆ ಶುರುವಾದದ್ದು ಕತ್ತಿ ನುಂಗುವವನಿಂದ. 1868ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ವೈದ್ಯ ಅಡೋಲ್ಫ್ ಕುಸ್ಮೌಲ್ ಅಂಥವನೊಬ್ಬನ ಗಂಟಲಿಗೆ 47 ಸೆಂಟಿಮೀಟರಿನ ಬಾಗದ ಕೊಳವೆ ಇಳಿಸಿದರು. ದೀಪದ ಬೆಳಕು ಸಾಲಲಿಲ್ಲ, ಸರಿಯಾಗಿ ಏನೂ ಕಾಣಲಿಲ್ಲ. ಬೆಳಕನ್ನೇ ಬಾಗಿಸುವ ದಾರಿ ತೋರಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು ಅವರೂ ಹೆರಾಲ್ಡ್ ಹಾಪ್ಕಿನ್ಸರೂ 1954ರಲ್ಲಿ ಬರೆದರು. ಅದನ್ನು ಓದಿದ ವೈದ್ಯ ಬೇಸಿಲ್ ಹಿರ್ಷೋವಿಟ್ಸ್ ಅಮೆರಿಕದ ಮಿಶಿಗನ್ನಿನಲ್ಲಿ ಸಂಗಡಿಗರೊಂದಿಗೆ ಬಾಗುವ ಕೊಳವೆ ಕಟ್ಟಿ, 1957ರಲ್ಲಿ ಮೊದಲು ತಾವೇ ಅದನ್ನು ನುಂಗಿ ನೋಡಿದರು. ರೋಗಿಯ ಸರದಿ ಆಮೇಲೆ. ಆ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು ದೊಡ್ಡಾಸ್ಪತ್ರೆ ಎಂದಾಗ ಇಂದಿಗೂ ನೆನೆಯುವುದು ಅಲ್ಲಿಯದನ್ನೇ.

ನುಂಗಿದ ವಸ್ತುಗಳಲ್ಲಿ ಹೆಚ್ಚಿನವು ತಾವಾಗಿಯೇ ಮಲದಲ್ಲಿ ಹೋಗುತ್ತವೆ. ಕೆಲವನ್ನು ಎಂಡೋಸ್ಕೋಪಿಯ ಇಕ್ಕಳದಿಂದಲೋ ಬಲೆಯಿಂದಲೋ ತೆಗೆಯಬೇಕಾಗುತ್ತದೆ; ಹೊಟ್ಟೆ ಕೊಯ್ಯುವ ಪ್ರಸಂಗ ಅಪರೂಪ. ಜೊಲ್ಲನ್ನೂ ನುಂಗಲಾಗದಿದ್ದರೆ, ಇಲ್ಲವೆ ಅನ್ನನಾಳದಲ್ಲಿ ಸಿಕ್ಕದ್ದು ಚೂಪಾದ ಎಲುಬೋ ಗುಂಡಿಯಂಥ ಪುಟ್ಟ ಬ್ಯಾಟರಿಯೋ ಆಗಿದ್ದರೆ, ಸಾಧ್ಯವಾದರೆ ಎರಡು ತಾಸಿನೊಳಗೆ, ತೀರ ತಡವೆಂದರೆ ಆರು ತಾಸಿನೊಳಗೆ ತೆಗೆಯಬೇಕು. ಹಾನಗಲ್ಲಿನಿಂದ ಹುಬ್ಬಳ್ಳಿಯ ದಾರಿಗೇ ಹೆಚ್ಚುಕಡಿಮೆ ಎರಡು ತಾಸು ಬೇಕು. ಹೊರಡುವಾಗ ಅನ್ನದ ಉಂಡಿಯಾಗಲಿ ಬಾಳೆಹಣ್ಣಾಗಲಿ ತಿನ್ನಿಸಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದೇ ಕಷ್ಟವಾಗುತ್ತದೆ.