ಅಪ್ಪನ ರೂಮಿನ ಸ್ಪೀಕರ್ ಯಾಕೆ ಸುಮ್ಮನಾಯ್ತು?

ದಿನಾ ರಾತ್ರಿ ಸ್ಟುಡಿಯೋದಲ್ಲಿ ಕೂತು ನಾನು ಬೇರೆಯವರನ್ನ ಪ್ರಶ್ನೆ ಮಾಡ್ತೀನಿ. ಇವತ್ತು ನನ್ನನ್ನೇ ಪ್ರಶ್ನೆ ಮಾಡ್ಕೋಬೇಕಾಗಿದೆ. ವಿಷಯ ತುಂಬಾ ಚಿಕ್ಕದು. ನಮ್ಮನೆಯ ಎರಡು ವೈರ್‌ಲೆಸ್ ಸ್ಪೀಕರ್.

ಅಪ್ಪನಿಗೆ ಗ್ಲಾಕೋಮಾ. ಪೇಪರ್ ಓದೋದು ನಿಂತು ಎರಡು ವರ್ಷವಾಯ್ತು. ಬೆಳಗ್ಗೆ ಅಮ್ಮ ಕಾಫಿ ಕೊಟ್ಟು, ತನ್ನ ಫೋನಿನಲ್ಲಿ ಆಕಾಶವಾಣಿ ವಾರ್ತೆ ಹಾಕಿ, ಪಟ್ಟಿಯಲ್ಲಿ ‘ಅಪ್ಪನ ರೂಮು’ ಅಂತ ಇರೋ ಸ್ಪೀಕರನ್ನ ಒತ್ತುತ್ತಾಳೆ. ಅಪ್ಪನ ದಿನ ಶುರುವಾಗೋದೇ ಹಾಗೆ.

ನಾನು ಓದಿದ್ದು ಎಂಜಿನಿಯರಿಂಗ್. ಕೈ ಸುಮ್ಮನಿರಬೇಕಲ್ಲ? ಒಂದು ಭಾನುವಾರ ಮನೆಯ ನೆಟ್‌ವರ್ಕನ್ನ ಹೊಸದಾಗಿ ಕಟ್ಟಿದೆ. ಒಂದೇ ಡಬ್ಬಿಯ ಬದಲು ಒಂದು ರೂಟರ್, ಒಂದು ಮ್ಯಾನೇಜ್ಡ್ ಸ್ವಿಚ್, ಮಹಡಿಗೊಂದರಂತೆ ಎರಡು ಆಕ್ಸೆಸ್ ಪಾಯಿಂಟ್. ಫೋನು, ಲ್ಯಾಪ್‌ಟಾಪ್‌ಗಳಿಗೆ ಒಂದು ಜಾಲ. ಟಿವಿ, ಕ್ಯಾಮೆರಾ, ಸ್ಪೀಕರ್‌ಗಳಿಗೆ ಇನ್ನೊಂದು. ಬಂದು ಹೋಗುವ ಅತಿಥಿಗಳಿಗೆ ಮೂರನೆಯದು. ತಂತಿ ಒಂದೇ, ಆದರೆ ಒಂದು ಜಾಲಕ್ಕೆ ಇನ್ನೊಂದು ಕಾಣಲ್ಲ. ಇದಕ್ಕೆ ವಿಲ್ಯಾನ್ ಅಂತಾರೆ. ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಸ್ಪೀಡ್ ನೋಡಿದೆ. ಚೆನ್ನಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮಲಗಿದೆ.

ಒಂಬತ್ತು ದಿನ ಕಳೆದ ಮೇಲೆ ಅಪ್ಪನ ದಿಂಬಿನ ಪಕ್ಕ ಹಳೇ ಟ್ರಾನ್ಸಿಸ್ಟರ್ ಕಂಡಿತು. “ಸ್ಪೀಕರ್ ಏನಾಯ್ತಪ್ಪಾ?” ಅಂದೆ. “ನಿಮ್ಮಮ್ಮ ಏನೋ ಒತ್ತಿ ಕೆಡಿಸಿರಬೇಕು ಕಣೋ. ಬೈಬೇಡ ಅವಳನ್ನ” ಅಂದರು. ಅಡುಗೆಮನೆಗೆ ಹೋಗಿ ಕೇಳಿದರೆ ಅಮ್ಮ ದನಿ ತಗ್ಗಿಸಿ, “ಅವರೇ ಕಣ್ಣು ಕಾಣದೆ ವೈರ್ ಎಳೆದಿರಬೇಕು. ಕೇಳೋಕೆ ಹೋಗ್ಬೇಡ, ನೊಂದ್ಕೋತಾರೆ” ಅಂದಳು.

ಇಬ್ಬರೂ ಏನೂ ಮಾಡಿರಲಿಲ್ಲ. ಕೆಡಿಸಿದ್ದು ನಾನು.

ಹಾಗಾದ್ರೆ ಜಾಲಗಳನ್ನ ಬೇರೆ ಮಾಡಿದ್ದೇ ತಪ್ಪಾ? ಅಲ್ಲ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಮಾಡಿದ್ದೇನು ಗೊತ್ತಾ? ಮನೆಗಳ ಕ್ಯಾಮೆರಾ, ರೂಟರ್‌ಗಳಿಗೆ ಕಾರ್ಖಾನೆಯವರು ಇಟ್ಟಿದ್ದ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ ಒಳಗೆ ನುಗ್ಗಿತು. ಆ ವರ್ಷ ಅಕ್ಟೋಬರ್ 21ರಂದು ಅಂಥ ಯಂತ್ರಗಳ ದಂಡೇ ಡೈನ್ ಅನ್ನೋ ಕಂಪನಿಯ ಮೇಲೆ ಬಿದ್ದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದ ಎಷ್ಟೋ ಜನರಿಗೆ ಸಿಗದಂತಾದವು. ಅಗ್ಗದ ಕ್ಯಾಮೆರಾವನ್ನೂ ಬ್ಯಾಂಕ್ ವ್ಯವಹಾರದ ಲ್ಯಾಪ್‌ಟಾಪನ್ನೂ ಒಂದೇ ಕೋಣೆಯಲ್ಲಿ ಕೂರಿಸಬಾರದು. ಗೋಡೆ ಬೇಕು. ನಾನು ಮರೆತದ್ದು ಗೋಡೆಗೊಂದು ಕಿಟಕಿ ಇಡೋದನ್ನ.

ಈಗ ಸ್ಪೀಕರ್ ಹೇಗೆ ಕೆಲಸ ಮಾಡುತ್ತೆ ನೋಡಿ. ಫೋನಿಗೆ ಸ್ಪೀಕರಿನ ವಿಳಾಸ ಮೊದಲೇ ಗೊತ್ತಿರಲ್ಲ. ಅದು ಹಳ್ಳಿಯಲ್ಲಿ ಡಂಗೂರ ಸಾರಿದ ಹಾಗೆ ಜಾಲದ ಒಳಗೆ ಕೂಗುತ್ತೆ: “ಇಲ್ಲಿ ಸ್ಪೀಕರ್ ಯಾರಿದೀರಪ್ಪಾ?” ಕೇಳಿಸಿಕೊಂಡ ಸ್ಪೀಕರ್ “ನಾನಿದೀನಿ, ನನ್ನ ವಿಳಾಸ ಇಂಥದ್ದು” ಅನ್ನುತ್ತೆ. ಏರ್‌ಪ್ಲೇ, ಕ್ರೋಮ್‌ಕಾಸ್ಟ್ ಎರಡೂ ಬಳಸೋ ಈ ಡಂಗೂರದ ಹೆಸರು ಎಂಡಿಎನ್‌ಎಸ್. 224.0.0.251 ಅನ್ನೋ ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಕೂಗು ಹೋಗುತ್ತೆ. ಆದರೆ ಈ ಡಂಗೂರ ತನ್ನ ಕೇರಿ ದಾಟಲ್ಲ. ರೂಟರ್ ಅದನ್ನ ಆಚೆ ಬಿಡಬಾರದು ಅನ್ನೋದೇ ನಿಯಮ. ಅಮ್ಮನ ಫೋನು ಒಂದು ಕೇರಿ, ಅಪ್ಪನ ಸ್ಪೀಕರ್ ಇನ್ನೊಂದು ಕೇರಿ. ಪಟ್ಟಿ ಖಾಲಿ.

ನಾನು ಸರಿ ಮಾಡಿದ ಕ್ರಮ ಹೇಳ್ತೀನಿ. ನಿಮ್ಮನೆಯಲ್ಲೂ ಇದೇ ಕ್ರಮ ನಡೆಯುತ್ತೆ.

ಮೊದಲು ರೋಗ ಎಲ್ಲಿದೆ ಅಂತ ತಿಳ್ಕೊಳ್ಳಿ. ಫೋನನ್ನ ಸ್ವಲ್ಪ ಹೊತ್ತು ಸ್ಪೀಕರ್ ಇರೋ ಜಾಲಕ್ಕೇ ಸೇರಿಸಿ. ಆಗ ಸ್ಪೀಕರ್ ಕಂಡರೆ ತೊಂದರೆ ಗೋಡೆಯದ್ದು. ಆಗಲೂ ಕಾಣದಿದ್ದರೆ ‘ಕ್ಲೈಂಟ್ ಐಸೊಲೇಷನ್’ ಅನ್ನೋ ಆಯ್ಕೆ ನೋಡಿ. ಅದು ಆನ್ ಇದ್ದರೆ ಒಂದೇ ವೈಫೈನಲ್ಲಿರೋ ಸಾಧನಗಳೂ ಪರಸ್ಪರ ಮಾತಾಡಲ್ಲ. ಅತಿಥಿಗಳ ಜಾಲದಲ್ಲಿ ಸಾಮಾನ್ಯವಾಗಿ ಇದು ಆನ್ ಇರುತ್ತೆ. ಹಾಗಾಗಿ ಸ್ಪೀಕರನ್ನ ಅತಿಥಿ ಜಾಲಕ್ಕೆ ಹಾಕಲೇಬೇಡಿ. ಎರಡು ಸ್ಪೀಕರ್ ಒಟ್ಟಿಗೆ ಒಂದೇ ಹಾಡು ನುಡಿಸಬೇಕಂದ್ರೂ ಅವು ಒಂದಕ್ಕೊಂದು ಮಾತಾಡಲೇಬೇಕು.

ಎರಡನೆಯದು, ರೂಟರ್‌ನಲ್ಲಿ ಎಂಡಿಎನ್‌ಎಸ್ ರಿಫ್ಲೆಕ್ಟರ್ ಅಥವಾ ರಿಪೀಟರ್ ಆನ್ ಮಾಡಿ. ಈ ಕೇರಿಯ ಕೂಗನ್ನ ಆ ಕೇರಿಗೆ ಮುಟ್ಟಿಸೋ ಓಲೆಕಾರ ಅದು. ಬೇಕಾದ ಎರಡು ಜಾಲಕ್ಕೆ ಮಾತ್ರ ಕೊಡಿ, ಅತಿಥಿಗಳ ಜಾಲಕ್ಕೆ ಬೇಡ.

ಮೂರನೆಯದು ಫೈರ್‌ವಾಲ್. ಓಲೆಕಾರ ಹೆಸರು, ವಿಳಾಸ ಮುಟ್ಟಿಸ್ತಾನೆ, ಅಷ್ಟೇ. ಹಾಡು ಹರಿಯೋಕೆ ದಾರಿ ಬೇರೆ ಬೇಕು. ಫೋನಿನ ಜಾಲದಿಂದ ಸ್ಪೀಕರ್‌ಗೆ ಹೋಗಲು ಅನುಮತಿ ಕೊಡಿ. ವಾಪಸ್ ಬರೋದಕ್ಕೆ, ಫೋನು ಶುರು ಮಾಡಿದ ಮಾತಿಗೆ ಉತ್ತರ ಕೊಡಲು ಮಾತ್ರ ಬಿಡಿ. ಕೆಲವು ಸ್ಪೀಕರ್‌ಗಳು ತಾವೇ ಫೋನಿಗೆ ಕರೆ ಮಾಡ್ತವೆ. ಅವುಗಳ ತಯಾರಕರು ಹೇಳಿದ ಪೋರ್ಟುಗಳನ್ನಷ್ಟೇ, ಆ ಸ್ಪೀಕರ್‌ಗಷ್ಟೇ ತೆರೆಯಿರಿ. ಇದಕ್ಕಾಗಿ ರೂಟರ್‌ನಲ್ಲಿ ಪ್ರತಿ ಸ್ಪೀಕರ್‌ಗೂ ಒಂದು ಕಾಯಂ ಐಪಿ ವಿಳಾಸ ಗೊತ್ತು ಮಾಡಿ. ಇಲ್ಲದಿದ್ದರೆ ಇವತ್ತಿನ ನಿಯಮ ನಾಳೆ ಬೇರೆ ಯಾವುದೋ ಸಾಧನಕ್ಕೆ ಅನ್ವಯಿಸುತ್ತೆ.

ನಾಲ್ಕನೆಯದು ನನ್ನ ತಲೆ ತಿಂದದ್ದು. ಅಪ್ಪನ ಸ್ಪೀಕರ್ ಸರಿಯಾಯ್ತು. ಹಾಲಿನಲ್ಲಿರೋ ಇನ್ನೊಂದು ಕಂಪನಿಯ ಸ್ಪೀಕರ್ ನಾಲ್ಕೈದು ನಿಮಿಷ ಕಾಣೋದು, ಮಾಯವಾಗೋದು. ಅದರ ಡಂಗೂರ ಬೇರೆ, ಎಸ್‌ಎಸ್‌ಡಿಪಿ ಅಂತ. ವಿಳಾಸ 239.255.255.250, ಪೋರ್ಟ್ 1900. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಅಂತ ಒಂದಿರುತ್ತೆ. ಯಾರು ಕೇಳಿಸ್ಕೋಬೇಕು ಅಂತ ಹೆಸರು ಕೊಟ್ಟಿದಾರೋ ಅವರಿಗೆ ಮಾತ್ರ ಅದು ಈ ಕೂಗನ್ನ ಕಳಿಸುತ್ತೆ. ಆದರೆ “ಇನ್ನೂ ಇದೀರಾ?” ಅಂತ ಆಗಾಗ ಹಾಜರಿ ಕೂಗೋಕೆ ಒಬ್ಬ ಕ್ವೇರಿಯರ್ ಬೇಕು. ಹಾಜರಿ ಕೂಗದಿದ್ದರೆ, ಸಾಮಾನ್ಯವಾಗಿ 260 ಸೆಕೆಂಡಿಗೆ ಹೆಸರು ಅಳಿಸಿಹೋಗುತ್ತೆ. ಸ್ನೂಪಿಂಗ್ ಆನ್ ಮಾಡಿದ್ದ ನಾನು ಕ್ವೇರಿಯರ್ ಆನ್ ಮಾಡಿರಲಿಲ್ಲ. ಮಾಡಿದೆ, ನಿಂತಿತು. ಸಣ್ಣ ಮನೆಯಲ್ಲಿ ಸ್ನೂಪಿಂಗೇ ಆಫ್ ಮಾಡಿದ್ರೂ ನಡೆಯುತ್ತೆ.

ಐದನೆಯದು ಗಾಳಿಯ ದಾರಿ. ಗೋಡೆಗಳನ್ನ ದಾಟೋದರಲ್ಲಿ 2.4 ಗಿಗಾಹರ್ಟ್ಸ್ ವಾಸಿ, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲದರ ಗದ್ದಲ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಎರಡು ಆಕ್ಸೆಸ್ ಪಾಯಿಂಟ್‌ಗಳಿಗೆ ಬೇರೆ ಬೇರೆ ಚಾನೆಲ್ ಕೊಟ್ಟು, ಅಗಲವನ್ನ 20 ಮೆಗಾಹರ್ಟ್ಸ್‌ಗೆ ನಿಲ್ಲಿಸಿ. ಹಾಡು ನುಡಿಸೋಕೆ ದೊಡ್ಡ ಸ್ಪೀಡ್ ಬೇಕಿಲ್ಲ, ಕಡಿಯದ ದಾರಿ ಬೇಕು.

ಕೊನೆಯದು ಪರೀಕ್ಷೆ. ಕರೆಂಟು ಹೋಗಿ ಬಂದ ಮೇಲೆ ಯಾರೂ ಮುಟ್ಟದೆ ಸ್ಪೀಕರ್ ತಾನಾಗಿ ವಾಪಸ್ ಬರಬೇಕು. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಆನ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಡು ಹಾಕಿ. ರೂಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರನ್ನೂ ಯುಪಿಎಸ್‌ಗೆ ಹಾಕಿದರೆ ಇನ್ನೂ ಒಳ್ಳೇದು.

ಈ ಪರೀಕ್ಷೆಯನ್ನ ನಾನು ಮಾಡಬಾರದು, ಅಮ್ಮ ಮಾಡಬೇಕು ಅನ್ನೋದು ನನಗೆ ತಡವಾಗಿ ಹೊಳೀತು. ಮ್ಯಾನೇಜ್ಡ್ ನೆಟ್‌ವರ್ಕ್ ಅಂದ್ರೇನು? ಯಾರು ಯಾರ ಜೊತೆ ಮಾತಾಡಬಹುದು ಅಂತ ಒಬ್ಬರು ತೀರ್ಮಾನ ಮಾಡೋದು. ನಾನು ತೀರ್ಮಾನ ಮಾಡಿದೆ, ಮನೆಯವರಿಗೆ ಹೇಳಲಿಲ್ಲ, ಆಮೇಲೆ ಕೇಳಲೂ ಇಲ್ಲ. ಇದನ್ನೇ ಸರ್ಕಾರಿ ಇಲಾಖೆಯೊಂದು ಮಾಡಿದ್ದರೆ ರಾತ್ರಿ ಒಂಬತ್ತಕ್ಕೆ ನಾನು ಬಿಡ್ತಿದ್ನಾ?

ಮಾರನೇ ದಿನ ಬೆಳಗ್ಗೆ ಅಮ್ಮ ಫೋನ್ ಒತ್ತಿದಳು. ರೂಮಿನಿಂದ ವಾರ್ತೆ ಕೇಳಿಸಿತು. “ನಾನೇನೂ ಕೆಡಿಸಿರಲಿಲ್ಲ ತಾನೇ?” ಅಂದಳು. “ಇಲ್ಲಮ್ಮ, ನಾನೇ ಕೆಡಿಸಿದ್ದು” ಅಂದೆ. ಒಳಗಿಂದ ಅಪ್ಪ, “ಮುಂದಿನ ಸಲ ಕೈ ಹಾಕೋ ಮುಂಚೆ ಒಂದು ಮಾತು ಹೇಳಪ್ಪಾ” ಅಂದರು.

ನಿಮ್ಮನೆಯ ರೂಟರ್ ಯಾರೇ ಹಾಕಿರಲಿ, ಇವತ್ತು ಹಿರಿಯರನ್ನ ಒಂದು ಮಾತು ಕೇಳಿ: “ಏನಾದ್ರೂ ಕೆಲಸ ಮಾಡ್ತಿಲ್ವಾ?” ಅಂತ. ಅವರಾಗಿ ಹೇಳಲ್ಲ. ತಪ್ಪು ತಮ್ಮದೇ ಅಂದ್ಕೊಂಡು ಸುಮ್ಮನಿರ್ತಾರೆ.